ಇಂಗ್ಲೆಂಡಿನ ಟೈನಮ್ ಹಳ್ಳಿಯ ಜನ ಯುದ್ಧ ಮುಗಿದ ಮೇಲೂ ಊರಿಗೆ ಯಾಕೆ ಮರಳಲಿಲ್ಲ?

ಅವರಿಗೆ ಮರಳುವ ಆಸೆ ಇತ್ತು, ಸರ್ಕಾರ ಬಿಡಲಿಲ್ಲ. ಡಾರ್ಸೆಟ್ ಕರಾವಳಿಯ ಈ ಊರನ್ನು 1943ರ ಡಿಸೆಂಬರಿನಲ್ಲಿ ಸೈನ್ಯದ ತರಬೇತಿಗೆಂದು ಖಾಲಿ ಮಾಡಿಸಿದರು. ಸುಮಾರು 225 ಜನ ಹೊರಟರು. ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ, ಒಂದಿನ ವಾಪಸ್ ಬರ್ತೀವಿ ಅಂತ.

ಆದರೆ ಆ ಮನೆಗಳು ಅವರ ಸ್ವಂತದ್ದಲ್ಲ. ಊರಿನ ಜಮೀನೆಲ್ಲ ಬಾಂಡ್ ಎಂಬ ಒಂದೇ ಮನೆತನದ್ದು, ಉಳಿದವರೆಲ್ಲ ಬಾಡಿಗೆಗಿದ್ದವರು. 1948ರಲ್ಲಿ ಸರ್ಕಾರ ಜಮೀನನ್ನು ಕಡ್ಡಾಯವಾಗಿ ಕೊಂಡಾಗ ಬೆಲೆ ಸಿಕ್ಕಿದ್ದು ಒಡೆಯರಿಗೆ. ಬಾಡಿಗೆದಾರರಿಗೆ ಹಿತ್ತಲ ತರಕಾರಿಯ ಪರಿಹಾರ ಮಾತ್ರ! ನನ್ನ ಪ್ರಕಾರ ಇದು ದೊಡ್ಡ ಅನ್ಯಾಯ. ತಲೆಮಾರುಗಳಿಂದ ಅಲ್ಲೇ ಬಾಳಿದವರು, ಅಲ್ವಾ?

ಇವತ್ತಿಗೂ ಅದು ಸೈನ್ಯದ ಜಾಗವೇ. ಹೆಚ್ಚಿನ ವಾರಾಂತ್ಯಗಳಲ್ಲಿ ನೋಡೋಕೆ ಬಿಡುತ್ತಾರೆ.