ಬಿಸಿಲಿಗೆ ಸೊರಗುವ ಫಜ್ ಫೇಸ್

ನೀವೇ ಕಟ್ಟಿದ ಫಜ್ ಫೇಸ್ (ಗಿಟಾರಿನ ದನಿಯನ್ನು ಒರಟಾಗಿಸುವ ಪೆಡಲ್) ಬೆಳಿಗ್ಗೆ ಚೆನ್ನಾಗಿ ಮೊರೆದು, ಮಧ್ಯಾಹ್ನಕ್ಕೆ ಗಂಟಲು ಕಟ್ಟಿದಂತಾಗುತ್ತದೆ ಎಂದಿರಲ್ಲ, ಅದು ಬೆಸುಗೆಯ ತಪ್ಪಿರಲಾರದು. ಜರ್ಮೇನಿಯಂ ಟ್ರಾನ್ಸಿಸ್ಟರಿನ ಹುಟ್ಟುಗುಣ. ಬಿಸಿಯೇರಿದಂತೆ ಅದರಲ್ಲಿ ಸೋರುವ ಕರೆಂಟ್ ಹೆಚ್ಚಿ ಬಯಾಸ್, ಅಂದರೆ ಟ್ರಾನ್ಸಿಸ್ಟರ್ ಕೆಲಸ ಮಾಡಲು ಹೊಂದಿಸಿಟ್ಟ ವಿದ್ಯುತ್ ನೆಲೆ, ಜಾರುತ್ತದೆ. 1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪೆಡಲ್ ಅದು, ದಾವಣಗೆರೆಯ ಏಪ್ರಿಲ್ ಅದಕ್ಕೇನು ಗೊತ್ತು!

ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ (ಅದರ ಮೂರು ಕಾಲುಗಳಲ್ಲೊಂದು) ಕಡೆಯ 8.2 ಕಿಲೋಓಮ್ ರೆಸಿಸ್ಟರ್ ತೆಗೆದು 20 ಕಿಲೋಓಮ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ಹಾಕಿ. ಮಧ್ಯಾಹ್ನದ ಸೆಕೆಯಲ್ಲೇ ಕುಳಿತು, ಮಲ್ಟಿಮೀಟರ್ ಕಲೆಕ್ಟರಿನಲ್ಲಿ 4.5 ವೋಲ್ಟ್ ಆಸುಪಾಸು ತೋರಿಸುವವರೆಗೆ ತಿರುಗಿಸಿ. ಪಿಎನ್‌ಪಿ ಬಗೆಯ ಟ್ರಾನ್ಸಿಸ್ಟರ್ ಆಗಿದ್ದರೆ ಮೈನಸ್ ತೋರಿಸುತ್ತದೆ, ಗಾಬರಿ ಬೇಡ. ಬೆಸುಗೆ ಹಾಕಿದ ಕೂಡಲೇ ಮಾತ್ರ ಅಳೆಯಬೇಡಿ. ನಾನೊಮ್ಮೆ ಆತುರದಲ್ಲಿ ಹೊಂದಿಸಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಬರುವಷ್ಟರಲ್ಲಿ ಟ್ರಾನ್ಸಿಸ್ಟರ್ ತಣಿದು ಅಂಕಿಯೇ ಬದಲಾಗಿತ್ತು.