ಲೋಕಸಭೆಯ ಐದು ವರ್ಷ ಯಾವ ದಿನದಿಂದ ಲೆಕ್ಕ? ಉಪಚುನಾವಣೆಯಲ್ಲಿ ಗೆದ್ದವರಿಗೂ ಐದು ವರ್ಷವೇ?

ನೀವು ಕೇಳಿರುವುದು ಮೂರು ವಿಷಯ. ಲೋಕಸಭೆಯ ಐದು ವರ್ಷ ಫಲಿತಾಂಶದ ದಿನದಿಂದ ಶುರುವೋ, ಪ್ರಮಾಣವಚನದ ದಿನದಿಂದಲೋ? ಮಧ್ಯದಲ್ಲಿ ಉಪಚುನಾವಣೆ ಗೆದ್ದು ಬಂದವರಿಗೆ ಪೂರ್ತಿ ಐದು ವರ್ಷ ಸಿಗುತ್ತದೆಯೇ? ಆರೇ ತಿಂಗಳು ಸಂಸದರಾಗಿದ್ದವರಿಗೂ ಪಿಂಚಣಿ ಬರುತ್ತದೆಯೇ?

ಮೊದಲ ಪ್ರಶ್ನೆಗೆ ನೀವು ಕೊಟ್ಟ ಎರಡು ಆಯ್ಕೆಗಳೂ ಸರಿಯಲ್ಲ. ಸಂವಿಧಾನದ 83(2)ನೇ ವಿಧಿಯ ಪ್ರಕಾರ ಸದನದ ಮೊದಲ ಸಭೆಗೆ ಯಾವ ದಿನ ಗೊತ್ತುಮಾಡಿದ್ದಾರೋ ಆ ದಿನದಿಂದ ಐದು ವರ್ಷ. ಆ ದಿನ ಎಷ್ಟು ಜನ ಪ್ರಮಾಣ ಸ್ವೀಕರಿಸಿದರು, ಯಾರು ಬರಲಿಲ್ಲ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈಗಿನ 18ನೇ ಲೋಕಸಭೆ ಮೊದಲು ಸೇರಿದ್ದು 2024ರ ಜೂನ್ 24ರಂದು. ಹಾಗಾಗಿ ಅದು 2029ರ ಜೂನ್ 23ರವರೆಗೆ. ಮಧ್ಯದಲ್ಲಿ ರಾಷ್ಟ್ರಪತಿ ವಿಸರ್ಜಿಸದಿದ್ದರೆ ಅವಧಿ ಮುಗಿದ ಕೂಡಲೇ ತಾನಾಗಿಯೇ ವಿಸರ್ಜನೆಯಾಗುತ್ತದೆ, ಬೇರೆ ಆದೇಶ ಬೇಕಿಲ್ಲ.

ಫಲಿತಾಂಶದ ದಿನದಿಂದ ಎಣಿಸಿದರೆ ಏನು ಎಡವಟ್ಟಾಗುತ್ತಿತ್ತು ಎಂಬುದಕ್ಕೆ 17ನೇ ಲೋಕಸಭೆ ನೋಡಿ. ಅದರ ಫಲಿತಾಂಶ ಬಂದದ್ದು 2019ರ ಮೇ 23ಕ್ಕೆ, ಮೊದಲ ಸಭೆ ಜೂನ್ 17ಕ್ಕೆ. 2024ರ ಮತದಾನ ಏಪ್ರಿಲ್ 19ರಿಂದ ಜೂನ್ 1ರವರೆಗೆ ಏಳು ಹಂತಗಳಲ್ಲಿ ನಡೆಯಿತು. ಫಲಿತಾಂಶದಿಂದ ಎಣಿಸಿದ್ದರೆ ಮತದಾನ ಮುಗಿಯುವ ಮೊದಲೇ ಹಳೆಯ ಸದನದ ಆಯಸ್ಸು ತೀರಿಹೋಗುತ್ತಿತ್ತು. ಮೊದಲ ಸಭೆಯಿಂದ ಎಣಿಸಿದ್ದರಿಂದ ಅದಕ್ಕೆ ಜೂನ್ 16ರವರೆಗೆ ಸಮಯವಿತ್ತು. ಆದರೂ ಪೂರ್ತಿ ಬಳಸಿಕೊಳ್ಳಲಿಲ್ಲ. ಜೂನ್ 4ಕ್ಕೆ ಎಣಿಕೆ ಮುಗಿಯಿತು, ಸಚಿವ ಸಂಪುಟದ ಸಲಹೆಯಂತೆ ಜೂನ್ 5ಕ್ಕೆ ರಾಷ್ಟ್ರಪತಿ ಸದನವನ್ನು ವಿಸರ್ಜಿಸಿದರು.

ಹೊಸ ಚುನಾವಣೆಯ ಅಧಿಸೂಚನೆಗೂ ಇದೇ ಕೊನೆಯ ದಿನಾಂಕ ಆಧಾರ. ಜನಪ್ರಾತಿನಿಧ್ಯ ಕಾಯ್ದೆ, 1951ರ ಸೆಕ್ಷನ್ 14ರ ಪ್ರಕಾರ ಅವಧಿ ಮುಗಿಯಲು ಆರು ತಿಂಗಳಿಗಿಂತ ಹೆಚ್ಚು ಸಮಯ ಇರುವಾಗ ಸಾರ್ವತ್ರಿಕ ಚುನಾವಣೆಯ ಅಧಿಸೂಚನೆ ಹೊರಡಿಸುವಂತಿಲ್ಲ. ಸದನ ಮೊದಲೇ ವಿಸರ್ಜನೆಯಾದರೆ ಮಾತ್ರ ಈ ತಡೆ ಇಲ್ಲ. ಅಂದರೆ ಈಗಿನ ಸದನ ಅವಧಿ ಪೂರೈಸುವುದಾದರೆ, 2028ರ ಡಿಸೆಂಬರ್ ಕೊನೆಯ ವಾರಕ್ಕೂ ಮುಂಚೆ ಅಧಿಸೂಚನೆ ಬರುವ ಪ್ರಶ್ನೆಯೇ ಇಲ್ಲ.

ಐದು ವರ್ಷವನ್ನು ಹಿಗ್ಗಿಸಲು ಇರುವುದು ಒಂದೇ ದಾರಿ, ತುರ್ತು ಪರಿಸ್ಥಿತಿ. ಅದು ಜಾರಿಯಲ್ಲಿರುವಾಗ ಸಂಸತ್ತು ಕಾನೂನು ಮಾಡಿ ಒಂದು ಸಲಕ್ಕೆ ಒಂದು ವರ್ಷ ಮೀರದಂತೆ ವಿಸ್ತರಿಸಬಹುದು. ತುರ್ತು ಪರಿಸ್ಥಿತಿ ತೆಗೆದ ಮೇಲೆ ಆ ವಿಸ್ತರಣೆ ಆರು ತಿಂಗಳಿಗಿಂತ ಹೆಚ್ಚು ಉಳಿಯುವಂತಿಲ್ಲ. 1971ರ ಮಾರ್ಚ್‌ನಲ್ಲಿ ಸೇರಿದ 5ನೇ ಲೋಕಸಭೆ ಹೀಗೆ ಬೆಳೆದು 1977ರ ಜನವರಿ 18ರವರೆಗೆ ಇತ್ತು. 1976ರ 42ನೇ ತಿದ್ದುಪಡಿ ಅವಧಿಯನ್ನೇ ಆರು ವರ್ಷಕ್ಕೆ ಏರಿಸಿತ್ತು, 1978ರ 44ನೇ ತಿದ್ದುಪಡಿ ಅದನ್ನು ಮತ್ತೆ ಐದಕ್ಕೆ ಇಳಿಸಿತು. ಹಳೆಯ ಪುಸ್ತಕಗಳಲ್ಲಿ 'ಆರು ವರ್ಷ' ಎಂದು ಕಂಡರೆ ಕಾರಣ ಇದು.

ಇನ್ನು ಸದಸ್ಯರ ಲೆಕ್ಕ. ಗೊಂದಲ ಹುಟ್ಟುವುದೇ ಇಲ್ಲಿ. ಒಂದೊಂದು ಕೆಲಸಕ್ಕೆ ಒಂದೊಂದು ದಿನಾಂಕ ಆಧಾರವಾಗುತ್ತದೆ, ಪತ್ರಿಕೆಗಳು ಎಲ್ಲವನ್ನೂ 'ಆಯ್ಕೆಯಾದ ದಿನ' ಎಂದು ಬರೆದುಬಿಡುತ್ತವೆ. ಚುನಾವಣಾಧಿಕಾರಿ ಫಲಿತಾಂಶ ಘೋಷಿಸಿದ ದಿನವೇ ಕಾನೂನಿನ ಕಣ್ಣಲ್ಲಿ ಆಯ್ಕೆಯಾದ ದಿನ (ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 67ಎ), ಕಳೆದ ಸಲ ಅದು ಜೂನ್ 4. ಗೆದ್ದವರ ಹೆಸರುಗಳನ್ನು ಚುನಾವಣಾ ಆಯೋಗ ರಾಜಪತ್ರದಲ್ಲಿ ಪ್ರಕಟಿಸುವುದು ಸೆಕ್ಷನ್ 73ರ ಅಡಿ, ಅದು ಜೂನ್ 6. ಸದನ ವಿಧಿವತ್ತಾಗಿ ರಚನೆಯಾಯಿತು ಎನ್ನುವುದು ಈ ಪ್ರಕಟಣೆಯ ಮೇಲೆ. ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದವರ ಸಂಬಳ, ಪಿಂಚಣಿಗೆ ಅಧಿಕಾರಾವಧಿ ಎಣಿಸುವುದೂ ಇಲ್ಲಿಂದಲೇ. ಉಪಚುನಾವಣೆಯಲ್ಲಿ ಗೆದ್ದವರಿಗಾದರೆ ಆಯ್ಕೆ ಘೋಷಣೆಯಾದ ದಿನದಿಂದ.

ಪ್ರಮಾಣವಚನ ಇವೆಲ್ಲ ಆದ ಮೇಲೆ. ಅದಕ್ಕೂ ಮೊದಲು ಅವರು ಸಂಸದರಲ್ಲ ಎನ್ನುವುದು ತಪ್ಪು. ಸಂಸದರು ಹೌದು, ಆದರೆ ಸದನದಲ್ಲಿ ಕೂರುವಂತಿಲ್ಲ, ಮತ ಹಾಕುವಂತಿಲ್ಲ. ಹಾಗೆ ಮಾಡಿದರೆ 104ನೇ ವಿಧಿಯಂತೆ ದಿನಕ್ಕೆ 500 ರೂಪಾಯಿ ದಂಡ. 1950ರಲ್ಲಿ ಬರೆದ ಮೊತ್ತ ಇಂದಿಗೂ ಅಷ್ಟೇ ಇದೆ! ಮಂತ್ರಿಯಾಗಿ ಮಾಡುವ ಪ್ರಮಾಣ ಬೇರೆಯೇ. 2024ರಲ್ಲಿ ಪ್ರಧಾನಿ ಮತ್ತು ಮಂತ್ರಿಗಳು ಜೂನ್ 9ಕ್ಕೇ ಪ್ರಮಾಣ ಸ್ವೀಕರಿಸಿದ್ದರು. ಅವರಲ್ಲಿ ಲೋಕಸಭೆಗೆ ಗೆದ್ದವರು ಸಂಸದರಾಗಿ ಮತ್ತೊಮ್ಮೆ ಪ್ರಮಾಣ ಮಾಡಿದ್ದು ಸದನ ಸೇರಿದ ಮೇಲೆ.

ಎರಡು ಕಡೆ ಗೆದ್ದವರ ವಿಷಯದಲ್ಲಿ ಈ ದಿನಾಂಕಗಳ ವ್ಯತ್ಯಾಸ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎರಡು ಲೋಕಸಭಾ ಕ್ಷೇತ್ರಗಳಲ್ಲಿ ಗೆದ್ದವರು (ಎರಡಕ್ಕಿಂತ ಹೆಚ್ಚು ಕಡೆ ನಿಲ್ಲುವಂತೆಯೇ ಇಲ್ಲ) ಆಯ್ಕೆಯಾದ ದಿನದಿಂದ 14 ದಿನದೊಳಗೆ ಒಂದನ್ನು ಬಿಡಬೇಕು, ಇಲ್ಲದಿದ್ದರೆ ಎರಡೂ ಹೋಗುತ್ತವೆ. ರಾಹುಲ್ ಗಾಂಧಿ ವಯನಾಡು ಬಿಟ್ಟು ರಾಯ್‌ಬರೇಲಿ ಉಳಿಸಿಕೊಳ್ಳುವ ನಿರ್ಧಾರ ಜೂನ್ 17ಕ್ಕೆ ಹೊರಬಿದ್ದದ್ದು ಇದೇ ಲೆಕ್ಕದಿಂದ, ಗಡುವು ಮರುದಿನ ಮುಗಿಯುತ್ತಿತ್ತು. ಶಾಸಕರಾಗಿದ್ದು ಲೋಕಸಭೆಗೆ ಗೆದ್ದವರಿಗೂ 14 ದಿನವೇ, ಆದರೆ ಎಣಿಕೆ ರಾಜಪತ್ರದ ಪ್ರಕಟಣೆಯಿಂದ. ಅಷ್ಟರಲ್ಲಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಡದಿದ್ದರೆ ಹೋಗುವುದು ಸಂಸದ ಸ್ಥಾನ. ಇದನ್ನು ಬಹಳ ಜನ ತಿರುಗುಮುರುಗು ತಿಳಿದಿರುತ್ತಾರೆ. ಶಿಗ್ಗಾಂವಿಯ ಬಸವರಾಜ ಬೊಮ್ಮಾಯಿ, ಚನ್ನಪಟ್ಟಣದ ಎಚ್.ಡಿ. ಕುಮಾರಸ್ವಾಮಿ, ಸಂಡೂರಿನ ಇ. ತುಕಾರಾಂ ಶಾಸಕ ಸ್ಥಾನ ಬಿಟ್ಟಿದ್ದು, 2024ರ ನವೆಂಬರ್ 13ಕ್ಕೆ ಆ ಮೂರೂ ಕಡೆ ಉಪಚುನಾವಣೆ ನಡೆದದ್ದು ಈ ನಿಯಮದಿಂದ. ರಾಜ್ಯಸಭೆಯ ಹಾಲಿ ಸದಸ್ಯರಿಗೆ ಈ ಬಿಡುವೂ ಇಲ್ಲ. ಲೋಕಸಭೆಗೆ ಆಯ್ಕೆಯಾದ ದಿನವೇ ಅವರ ರಾಜ್ಯಸಭಾ ಸ್ಥಾನ ತೆರವಾಗುತ್ತದೆ, ಪೀಯೂಷ್ ಗೋಯಲ್ ಅವರ ಸ್ಥಾನ ಹಾಗೆಯೇ ಖಾಲಿಯಾಯಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಉಪಚುನಾವಣೆಯಲ್ಲಿ ಗೆದ್ದವರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಐದು ವರ್ಷ ಇರುವುದು ಸದನಕ್ಕೆ, ವ್ಯಕ್ತಿಗಲ್ಲ. ಸದನ ವಿಸರ್ಜನೆಯಾದ ದಿನ ಮೊದಲ ದಿನ ಬಂದವರೂ ಹಿಂದಿನ ತಿಂಗಳು ಬಂದವರೂ ಒಟ್ಟಿಗೇ ಮಾಜಿಗಳಾಗುತ್ತಾರೆ. ಸ್ಪೀಕರ್ ಒಬ್ಬರಿಗೆ ವಿನಾಯಿತಿ, ಹೊಸ ಲೋಕಸಭೆ ಮೊದಲ ಸಲ ಸೇರುವ ಕ್ಷಣದವರೆಗೆ ಅವರು ಆ ಸ್ಥಾನದಲ್ಲಿರುತ್ತಾರೆ.

ಉಪಚುನಾವಣೆ ಯಾವಾಗ ನಡೆಯಬೇಕು ಎಂಬುದು ಅದೇ ಜನಪ್ರಾತಿನಿಧ್ಯ ಕಾಯ್ದೆಯ ಸೆಕ್ಷನ್ 151ಎಯಲ್ಲಿದೆ. ಸ್ಥಾನ ತೆರವಾದ ಆರು ತಿಂಗಳೊಳಗೆ ನಡೆಸಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಕಿಲ್ಲ. ಕೇಂದ್ರ ಸರ್ಕಾರದ ಜತೆ ಸಮಾಲೋಚಿಸಿ, ಆರು ತಿಂಗಳಲ್ಲಿ ನಡೆಸುವುದು ಕಷ್ಟ ಎಂದು ಆಯೋಗ ದೃಢೀಕರಿಸಿದರೂ ಆ ಗಡುವು ಅನ್ವಯಿಸುವುದಿಲ್ಲ. ಒಂದು ವರ್ಷದ ಲೆಕ್ಕ ಸ್ಥಾನ ಖಾಲಿಯಾದ ದಿನದಿಂದ, ಚುನಾವಣೆ ನಡೆಯುವ ದಿನದಿಂದಲ್ಲ. 2018ರಲ್ಲಿ ಇದು ಕರ್ನಾಟಕದಲ್ಲೇ ದೊಡ್ಡ ಚರ್ಚೆಯಾಗಿತ್ತು. ವಿಧಾನಸಭೆಗೆ ಗೆದ್ದ ಬಿ.ಎಸ್. ಯಡಿಯೂರಪ್ಪ, ಬಿ. ಶ್ರೀರಾಮುಲು, ಸಿ.ಎಸ್. ಪುಟ್ಟರಾಜು ಅವರು ಬಿಟ್ಟ ಶಿವಮೊಗ್ಗ, ಬಳ್ಳಾರಿ, ಮಂಡ್ಯ ಸ್ಥಾನಗಳು ಮೇ ತಿಂಗಳಲ್ಲಿ ಖಾಲಿಯಾದವು. 16ನೇ ಲೋಕಸಭೆಯ ಅವಧಿ ಇದ್ದದ್ದು 2019ರ ಜೂನ್ 3ರವರೆಗೆ, ಅಂದರೆ ವರ್ಷಕ್ಕಿಂತ ಕೆಲವೇ ದಿನ ಹೆಚ್ಚು. ಹಾಗಾಗಿ ಆಯೋಗ ನವೆಂಬರ್ 3ಕ್ಕೆ ಮತದಾನ ನಡೆಸಿತು. ಅದೇ ವೇಳೆ ಆಂಧ್ರದಲ್ಲಿ ಐವರು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್ 20ರ ಹೊತ್ತಿಗೆ. ಉಳಿದದ್ದು ವರ್ಷಕ್ಕಿಂತ ಕಡಿಮೆ, ಅಲ್ಲಿ ಚುನಾವಣೆಯೇ ನಡೆಯಲಿಲ್ಲ. ಒಂದು ತಿಂಗಳ ಅಂತರ ಒಂದು ಕಡೆ ಮೂರು ಕ್ಷೇತ್ರಗಳನ್ನು ಮತಗಟ್ಟೆಗೆ ಎಳೆಯಿತು, ಇನ್ನೊಂದು ಕಡೆ ಐದನ್ನು ಖಾಲಿ ಬಿಟ್ಟಿತು. ಬರೀ ಆರೇಳು ತಿಂಗಳ ಸದಸ್ಯತ್ವಕ್ಕೆ ಇಷ್ಟು ಖರ್ಚೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ, ಆದರೆ ಕಾಯ್ದೆ ಹಾಗೆ ಬರೆದಿರುವಾಗ ಆಯೋಗಕ್ಕೆ ಬೇರೆ ದಾರಿ ಇರಲಿಲ್ಲ.

ಈ ಲೆಕ್ಕವನ್ನು ಈಗಿನ ಸದನಕ್ಕೆ ಹಾಕಿದರೆ, 2028ರ ಜೂನ್ 23ರ ಆಸುಪಾಸೇ ಗಡಿ. ಅದಕ್ಕೆ ಮೊದಲು ನಿಮ್ಮ ಕ್ಷೇತ್ರ ಖಾಲಿಯಾದರೆ ಉಪಚುನಾವಣೆ ನಿರೀಕ್ಷಿಸಿ, ನಂತರವಾದರೆ 2029ರ ತನಕ ಸಂಸದರಿಲ್ಲದೇ ಕಳೆಯಬೇಕಾಗಬಹುದು. 'ಖಾಲಿಯಾದ ದಿನ' ಯಾವುದು ಎಂದು ಎಚ್ಚರದಿಂದ ನೋಡಿ. ರಾಜೀನಾಮೆಯಾದರೆ ಪತ್ರ ಕೊಟ್ಟಷ್ಟಕ್ಕೇ ಸ್ಥಾನ ಖಾಲಿಯಾಗುವುದಿಲ್ಲ, ಸ್ವಇಚ್ಛೆಯದು, ನಿಜವಾದದ್ದು ಎಂದು ಮನವರಿಕೆಯಾಗಿ ಸ್ಪೀಕರ್ ಅಂಗೀಕರಿಸಬೇಕು. ಎರಡು ವರ್ಷ ಅಥವಾ ಹೆಚ್ಚಿನ ಜೈಲು ಶಿಕ್ಷೆಯಾದರೆ ತೀರ್ಪಿನ ದಿನವೇ ಅನರ್ಹತೆ. ಮೇಲ್ಮನವಿ ಹಾಕಿ ಸ್ಥಾನದಲ್ಲಿ ಮುಂದುವರಿಯಲು ಇದ್ದ ಮೂರು ತಿಂಗಳ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 2013ರ ಲಿಲಿ ಥಾಮಸ್ ಪ್ರಕರಣದಲ್ಲಿ ರದ್ದುಮಾಡಿದೆ. ಅನುಮತಿ ಇಲ್ಲದೆ 60 ದಿನ ಗೈರಾದರೂ ಸ್ಥಾನ ಹೋಗಬಹುದು, ಆದರೆ ತಾನಾಗಿ ಅಲ್ಲ, ಸದನ ಹಾಗೆ ಘೋಷಿಸಬೇಕು. ಅಧಿವೇಶನ ಮುಗಿದ ಅವಧಿಯೂ, ಸತತ ನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಮುಂದೂಡಿದ ದಿನಗಳೂ ಆ 60ರಲ್ಲಿ ಸೇರುವುದಿಲ್ಲ. ಹಾಗಾಗಿ ಕ್ಯಾಲೆಂಡರಿನ ಎರಡು ತಿಂಗಳು ಕಾಣಿಸದಿದ್ದ ಮಾತ್ರಕ್ಕೆ ಸದಸ್ಯತ್ವಕ್ಕೆ ಕುತ್ತು ಬರುವುದಿಲ್ಲ.

ರಾಜ್ಯಸಭೆಗೆ ಈ ಐದು ವರ್ಷದ ಮಾತೇ ಇಲ್ಲ. ಅದು ವಿಸರ್ಜನೆಯಾಗದ ಸದನ, ಪ್ರತಿ ಎರಡು ವರ್ಷಕ್ಕೆ ಮೂರನೇ ಒಂದು ಭಾಗ ನಿವೃತ್ತಿ, ಸದಸ್ಯರಿಗೆ ಆರು ವರ್ಷ. ಉಪಚುನಾವಣೆಯಲ್ಲಿ ಬಂದವರಿಗೆ ಅಲ್ಲಿಯೂ ಉಳಿದ ಅವಧಿ ಅಷ್ಟೇ.

ಕೊನೆಯದು ಪಿಂಚಣಿ. ಕನಿಷ್ಠ ಐದು ವರ್ಷ ಇರಲೇಬೇಕು ಎಂಬ ಷರತ್ತು ಈಗಿಲ್ಲ. ಎಷ್ಟೇ ಕಾಲ ಸದಸ್ಯರಾಗಿದ್ದರೂ ಪಿಂಚಣಿ ಇದೆ. 2023ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಅದು ತಿಂಗಳಿಗೆ 31,000 ರೂಪಾಯಿ. ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ ತಿಂಗಳಿಗೆ 2,500 ರೂಪಾಯಿ ಹೆಚ್ಚುವರಿ. 2018ರ ನವೆಂಬರ್‌ನಲ್ಲಿ ಗೆದ್ದು 2019ರ ಮೇ ತಿಂಗಳಲ್ಲಿ ಮಾಜಿಯಾದವರಿಗೂ ಮೂಲ ಮೊತ್ತ ಅನ್ವಯಿಸುತ್ತದೆ. ಮತ್ತೆ ಸಂಸದರಾದರೆ ಅಥವಾ ರಾಜ್ಯಪಾಲರಾದರೆ ಅಷ್ಟು ಕಾಲ ಅದು ನಿಂತಿರುತ್ತದೆ.