ಓದುಗರ ಪ್ರಶ್ನೆ: ನಾಳೆಯ ರೇಸಿನಲ್ಲಿ ಯಾವ ಕುದುರೆಗೆ ಎಷ್ಟು ಅವಕಾಶ?

ಬೆಂಗಳೂರು, ಮೈಸೂರು ರೇಸುಗಳ ಬಗ್ಗೆ ಬಂದ ಪತ್ರಗಳಲ್ಲಿ ಬಹುತೇಕ ಎಲ್ಲರೂ ಕೇಳಿದ್ದು ಒಂದೇ: ‘ಗೆಲ್ಲುವ ಕುದುರೆಯನ್ನು ಗುರುತಿಸುವುದು ಹೇಗೆ?’ ಇದನ್ನು ಸ್ವಲ್ಪ ತಿರುಗಿಸಿ ಕೇಳಬೇಕು. ಈ ತೂಕ ಹೊತ್ತು, ಈ ದೂರಕ್ಕೆ, ಇವತ್ತಿನ ನೆಲದ ಮೇಲೆ, ಈ ಎದುರಾಳಿಗಳ ನಡುವೆ ಇದಕ್ಕೆ ನೂರಕ್ಕೆ ಎಷ್ಟು ಅವಕಾಶ? ಹೀಗೆ ಕೇಳಿದರೆ ಉತ್ತರ ಸಿಗುತ್ತದೆ. ಕುದುರೆ ರೇಸು ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದೂ ಇವನ್ನೆಲ್ಲ ತೂಗಿ ನೋಡಲು ಬರುತ್ತದೆ ಎಂಬ ಕಾರಣಕ್ಕೇ.

ರೇಸ್‌ಬುಕ್ ಹಿಂದಿನ ಸಂಜೆ ಕೈಗೆ ಬರುತ್ತದೆ. ಎಂಟು ರೇಸು, ಎಂಬತ್ತು ತೊಂಬತ್ತು ಕುದುರೆ. ಎಲ್ಲಿಂದ ಶುರು ಮಾಡುವುದು? (ಓದುಗರು, ಮಂಡ್ಯ)

ಒಂದನೇ ರೇಸಿನಿಂದ ಮಾತ್ರ ಬೇಡ. ಮೊದಲು ಎಂಟನ್ನೂ ಕಣ್ಣಾಡಿಸಿ, ಇನ್ನೂ ಓಡಿಯೇ ಇಲ್ಲದ ಎಳೆಯ ಕುದುರೆಗಳು ತುಂಬಿರುವ ಮೇಡನ್ (ಒಮ್ಮೆಯೂ ಗೆಲ್ಲದ ಕುದುರೆಗಳ) ರೇಸುಗಳನ್ನು ಪಕ್ಕಕ್ಕಿಡಿ. ಅಲ್ಲಿ ಲೆಕ್ಕಕ್ಕೆ ಆಧಾರವಿರುವುದಿಲ್ಲ. ಎಲ್ಲ ಕುದುರೆಗಳೂ ನಾಲ್ಕೈದು ಬಾರಿಯಾದರೂ ಓಡಿರುವ ಹ್ಯಾಂಡಿಕ್ಯಾಪ್ ರೇಸುಗಳನ್ನು (ಬಲಶಾಲಿ ಕುದುರೆಗೆ ಹೆಚ್ಚು ತೂಕ ಹೊರಿಸಿ ಸಮ ಮಾಡುವಂಥವು) ಆರಿಸಿ. ಎಂಟರಲ್ಲಿ ಅಂಥವು ಮೂರು ಸಿಕ್ಕರೆ ಸಾಕು, ತಲಾ ಅರ್ಧ ಗಂಟೆ ಕೊಡಿ.

ಪ್ರತಿ ಕುದುರೆಯ ಕೊನೆಯ ಮೂರು ಓಟಗಳ ತಾರೀಖು, ದೂರ, ಹೊತ್ತ ತೂಕ, ಕ್ಲಾಸು (ರೇಸಿನ ದರ್ಜೆ), ಗೆದ್ದ ಕುದುರೆಗಿಂತ ಎಷ್ಟು ಲೆಂತ್ (ಒಂದು ಕುದುರೆಯ ಉದ್ದ) ಹಿಂದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಬರೀ ಬಂದ ಸ್ಥಾನ ನೋಡಿದರೆ ಮೋಸ ಹೋಗುತ್ತೀರಿ. ಹನ್ನೆರಡರಲ್ಲಿ ಏಳನೆಯದಾಗಿ ಬಂದರೂ ಮೂರೇ ಲೆಂತ್ ಹಿಂದಿದ್ದರೆ ಅದು ಕೆಟ್ಟ ಓಟವಲ್ಲ. ಐದರಲ್ಲಿ ಮೂರನೆಯದಾಗಿ, ಹನ್ನೆರಡು ಲೆಂತ್ ಹಿಂದೆ ಬಂದಿದ್ದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಆಮೇಲೆ ಪೆನ್ಸಿಲ್ಲಿನಲ್ಲಿ ಪ್ರತಿ ಕುದುರೆಯ ಮುಂದೆ ಒಂದು ಅಂಕಿ ಬರೆಯಿರಿ. ಎಲ್ಲ ಸೇರಿ ನೂರಾಗಬೇಕು. ನೂರಾ ಮೂವತ್ತಾದರೆ ಯಾವುದೋ ಕುದುರೆಯ ಮೇಲೆ ಮೋಹ ಹೆಚ್ಚಾಗಿದೆ ಎಂದರ್ಥ. ಒಂದಕ್ಕೆ ಏರಿಸಬೇಕಾದರೆ ಇನ್ನೊಂದರಿಂದ ಕಳೆಯಲೇಬೇಕು. ಈ ಕೆಲಸವನ್ನು ಬುಕ್ಕಿಗಳ ರೇಟು ನೋಡುವ ಮೊದಲೇ ಮುಗಿಸಿ. ರೇಟು ಕಂಡ ಮೇಲೆ ನಮ್ಮ ಅಂಕಿ ತಾನಾಗಿ ಅದರತ್ತ ವಾಲುತ್ತದೆ.

ಕಳೆದ ಸಲ 1200 ಮೀಟರಿನಲ್ಲಿ ಒಂದು ಕುದುರೆ ಇನ್ನೊಂದನ್ನು ಎರಡು ಲೆಂತ್ ಅಂತರದಲ್ಲಿ ಸೋಲಿಸಿತ್ತು. ಈ ವಾರ ಎರಡೂ ಮತ್ತೆ ಎದುರಾಗಿವೆ, ಆದರೆ ಗೆದ್ದ ಕುದುರೆಗೆ ತೂಕ ಹೆಚ್ಚಿದೆ. ಯಾವುದು ಮೇಲು? (ಓದುಗರು, ತುಮಕೂರು)

ಹ್ಯಾಂಡಿಕ್ಯಾಪರ್, ಅಂದರೆ ತೂಕ ನಿಗದಿ ಮಾಡುವ ಅಧಿಕಾರಿ, ಕುದುರೆಯ ಬಲಕ್ಕೆ ಕೊಡುವ ಅಂಕವೇ ರೇಟಿಂಗ್. ನಮ್ಮಲ್ಲಿ ಒಂದು ರೇಟಿಂಗ್ ಅಂಕಕ್ಕೆ ಅರ್ಧ ಕೆ.ಜಿ. ತೂಕ. ಒಂದು ಲೆಂತ್ ಅಂದರೆ ಸುಮಾರು 2.4 ಮೀಟರ್. ಆ ಒಂದು ಲೆಂತ್ ಎಷ್ಟು ತೂಕಕ್ಕೆ ಸಮ ಎಂಬುದು ದೂರದ ಮೇಲೆ ನಿಂತಿದೆ: 1200 ಮೀಟರಿಗೆ ಸುಮಾರು 1.1 ಕೆ.ಜಿ., 1600ಕ್ಕೆ ಮುಕ್ಕಾಲರಿಂದ 0.9, 2400ಕ್ಕೆ ಸುಮಾರು 0.6. ದೂರ ಹೆಚ್ಚಿದಷ್ಟೂ ಪ್ರತಿ ಕೆ.ಜಿ.ಯೂ ಕುದುರೆಯನ್ನು ಹೆಚ್ಚು ಹಿಂದಕ್ಕೆಳೆಯುತ್ತದೆ.

ನಿಮ್ಮ ರೇಸಿನಲ್ಲಿ ಎರಡು ಲೆಂತ್ ಅಂದರೆ 2.2 ಕೆ.ಜಿ. ಗೆದ್ದ ಕುದುರೆಯ ರೇಟಿಂಗ್ 6 ಅಂಕ ಏರಿದ್ದರೆ ಅದರ ತೂಕ 3 ಕೆ.ಜಿ. ಹೆಚ್ಚು. ಎರಡನೆಯದರ ತೂಕ ಹಾಗೇ ಇದ್ದರೆ ಕಾಗದದ ಮೇಲೆ ಈಗ ಸೋತ ಕುದುರೆಯೇ 0.8 ಕೆ.ಜಿ., ಅಂದರೆ ಮುಕ್ಕಾಲು ಲೆಂತ್ ಮುಂದೆ. ಆದರೆ ಕಳೆದ ಸಲ ಗೆದ್ದ ಜಾಕಿ ಕೊನೆಯ 50 ಮೀಟರ್ ಲಗಾಮು ಹಿಡಿದು ಬಂದಿದ್ದರೆ ಆ ಎರಡು ಲೆಂತ್ ಎರಡೇ ಅಲ್ಲ, ಮೂರೋ ನಾಲ್ಕೋ ಇದ್ದೀತು. ಆಗ ಲೆಕ್ಕ ತಲೆಕೆಳಗಾಗುತ್ತದೆ. ರೇಸಿನ ವಿಡಿಯೊ ನೋಡದೆ ಈ ಕೂಡು ಕಳೆಯುವಿಕೆಯನ್ನು ಪೂರ್ತಿ ನಂಬಬೇಡಿ.

ಇಲ್ಲೇ ಇನ್ನೊಂದು ಗುಂಡಿಯಿದೆ, ಹಳಬರೂ ಬೀಳುತ್ತಾರೆ. 20ರಿಂದ 45ರ ರೇಟಿಂಗಿನ ರೇಸಿನಲ್ಲಿ 45ರ ಕುದುರೆಗೆ 60 ಕೆ.ಜಿ. ಎಂದಿಟ್ಟುಕೊಳ್ಳಿ. 43ರ ಕುದುರೆ 59 ಹೊತ್ತು ಗೆಲ್ಲುತ್ತದೆ, ರೇಟಿಂಗ್ 49ಕ್ಕೆ ಏರುತ್ತದೆ. ಮುಂದಿನ ಓಟ 40ರಿಂದ 65ರ ಕ್ಲಾಸಿನಲ್ಲಿ. ಅಲ್ಲಿ 65ಕ್ಕೆ 60 ಕೆ.ಜಿ., ಹಾಗಾಗಿ 49ಕ್ಕೆ ಬರೀ 52. ‘ಗೆದ್ದು ಬಂದ ಕುದುರೆಗೆ ಏಳು ಕೆ.ಜಿ. ಕಡಿಮೆ!’ ಎಂದು ಜನ ಮುಗಿಬೀಳುತ್ತಾರೆ. ಆ ತೂಕ ಇಳಿದದ್ದು ಎದುರಾಳಿಗಳು ಅಷ್ಟು ಬಲಶಾಲಿಗಳು ಎಂಬ ಕಾರಣಕ್ಕೆ. ಹ್ಯಾಂಡಿಕ್ಯಾಪರ್ ಲೆಕ್ಕದಲ್ಲಿ ಅದರ ಹೊರೆ 6 ಅಂಕ ಏರಿದೆಯೇ ಹೊರತು ಇಳಿದಿಲ್ಲ.

ಪತ್ರಿಕೆಯಲ್ಲಿ ಟ್ರ್ಯಾಕ್ ವರ್ಕ್ (ಬೆಳಗಿನ ಅಭ್ಯಾಸ) ವರದಿ ಬರುತ್ತದೆ: ‘ಹೊರ ಮರಳು, 1000/1-12, 600/43’. ಇದನ್ನು ಓದುವುದು ಹೇಗೆ? (ಓದುಗರು, ದಾವಣಗೆರೆ)

ಮರಳಿನ ಟ್ರ್ಯಾಕಿನಲ್ಲಿ ಕುದುರೆ ಕೊನೆಯ 1000 ಮೀಟರನ್ನು 1 ನಿಮಿಷ 12 ಸೆಕೆಂಡಿನಲ್ಲೂ ಅದರಲ್ಲಿ ಕೊನೆಯ 600 ಮೀಟರನ್ನು 43 ಸೆಕೆಂಡಿನಲ್ಲೂ ಮುಗಿಸಿದೆ. ರೇಸು ನಡೆಯುವುದು ಹುಲ್ಲಿನ ಮೇಲೆ, ಅಲ್ಲಿ ವೇಗವೇ ಬೇರೆ. ಮರಳಿನ ಸಮಯವನ್ನು ರೇಸಿನ ಸಮಯದ ಪಕ್ಕ ಇಡಬೇಡಿ.

ಈಗ ಬಿಡಿಸಿ ನೋಡಿ. ಒಟ್ಟು 72 ಸೆಕೆಂಡಿನಲ್ಲಿ 43 ಕಳೆದರೆ ಮೊದಲ 400 ಮೀಟರಿಗೆ 29. ಅಂದರೆ ಪ್ರತಿ 200ಕ್ಕೆ ಮೊದಲು 14.5, ಕೊನೆಗೆ ಸುಮಾರು 14.3. ಒಂದೇ ಹದದಲ್ಲಿ ಓಡಿ ಕೊನೆಗೆ ಚೂರು ವೇಗ ಹೆಚ್ಚಿಸಿದೆ. ಇನ್ನೊಂದು ಕುದುರೆಯದು 1000/1-12, 600/45 ಎಂದಿರಲಿ. ಒಟ್ಟು ಸಮಯ ಅದೇ. ಆದರೆ ಮೊದಲ 400 ಮೀಟರಿಗೆ 27 ಸೆಕೆಂಡ್, ಅಂದರೆ ಪ್ರತಿ 200ಕ್ಕೆ 13.5; ಆಮೇಲೆ ಅದೇ 200ಕ್ಕೆ 15. ಮುಂದೆ ಹಾರಿ ಹಿಂದೆ ಸೊರಗಿದೆ. 1600 ಮೀಟರಿನ ರೇಸಿಗೆ ನಮ್ಮ ಒಲವು ಮೊದಲನೆಯದರ ಕಡೆಗೆ.

ಮೇಲೆ ಕೂತವರು ಯಾರು ಎಂಬುದೂ ಮುಖ್ಯ. ಭಾರದ ರೈಡಿಂಗ್ ಬಾಯ್ (ಅಭ್ಯಾಸದ ಸವಾರ) ಕೂತಿದ್ದರೆ ಆ ಸಮಯಕ್ಕೆ ಬೆಲೆ ಹೆಚ್ಚು, ಹಗುರ ಜಾಕಿ ಕೂತು ನೂಕಿಸಿದ್ದರೆ ಕಡಿಮೆ. ಒಟ್ಟು ಸಮಯದ ಹೋಲಿಕೆ ಬೇರೆ ಕುದುರೆಯೊಡನೆ ಬೇಡ. ಅದೇ ಕುದುರೆ ಹಿಂದೆ ಗೆಲ್ಲುವ ಮುನ್ನ ಇದೇ ಮರಳಿನಲ್ಲಿ ಎಷ್ಟು ಓಡಿತ್ತು ಎಂದು ಹುಡುಕಿ. ಕೆಲವು ಕುದುರೆಗಳು ಬೆಳಗಿನ ಕೆಲಸದಲ್ಲಿ ಸದಾ ಸೋಮಾರಿ.

ಮೈಸೂರಿನಲ್ಲಿ ಮಳೆಗಾಲದ ರೇಸು. ನೆಲ, ಗೇಟ್ ನಂಬರು, ಫಾಲ್ಸ್ ರೇಲ್, ಇವುಗಳಿಂದ ಎಷ್ಟು ವ್ಯತ್ಯಾಸ? (ಓದುಗರು, ಮೈಸೂರು)

ಪೆನೆಟ್ರೋಮೀಟರ್ ಎಂದರೆ ನಿಗದಿತ ಎತ್ತರದಿಂದ ಬೀಳುವ ತೂಕ ಒಂದು ಸಲಾಕೆಯನ್ನು ನೆಲಕ್ಕೆ ಎಷ್ಟು ಇಳಿಸಿತು ಎಂದು ಅಳೆಯುವ ಸಾಧನ. ಅಂಕಿ ದೊಡ್ಡದಾದಷ್ಟೂ ನೆಲ ಮೆದು. ಅಳೆದದ್ದು ಬೆಳಿಗ್ಗೆ, ಮಳೆ ಬಂದದ್ದು ಮಧ್ಯಾಹ್ನ ಎಂದಾದರೆ ಆ ಅಂಕಿ ಹಳತಾಯಿತು. ಬೇಸಿಗೆಯ ಗಟ್ಟಿ ನೆಲದಲ್ಲಿ ಸತತ ಗೆದ್ದ ಕುದುರೆ ಕೆಸರಿನಲ್ಲಿ ಹೆಜ್ಜೆ ಹಿಡಿಯದೆ ನಿಂತುಬಿಡುವುದುಂಟು. ಹಿಂದೆ ಮೆದು ನೆಲದಲ್ಲಿ ಓಡಿದ್ದಕ್ಕೆ ದಾಖಲೆ ಇಲ್ಲದಿದ್ದರೆ ನಿಮ್ಮ ನೂರರ ಲೆಕ್ಕದಲ್ಲಿ ಅದಕ್ಕೆ ಮೂರರಲ್ಲಿ ಒಂದು ಪಾಲು ಕಡಿತ ಮಾಡಿ.

ತಿರುವಿನಲ್ಲಿ ಹೊರಗೆ ಓಡಿದರೆ ನಷ್ಟ ನೇರ ಗಣಿತ. ಅರ್ಧ ವೃತ್ತದ ತಿರುವಿನಲ್ಲಿ ಒಂದು ಮೀಟರ್ ಹೊರಗೆ ಸರಿದರೆ 3.14 ಮೀಟರ್ ಹೆಚ್ಚು ಓಡಬೇಕು, ಅಂದರೆ ಒಂದು ಲೆಂತ್‌ಗಿಂತ ಜಾಸ್ತಿ. ಹಾಗಾಗಿ ಗೇಟು ಬಿಟ್ಟ ಕೂಡಲೇ ತಿರುವು ಸಿಗುವ ರೇಸಿನಲ್ಲಿ 11, 12ನೇ ಗೇಟಿನ ಕುದುರೆ ಒಂದೋ ಜಿಗಿದು ಮುಂದೆ ಬರಬೇಕು, ಇಲ್ಲವೇ ಹಿಂದೆ ಸರಿದು ಒಳಗೆ ಸೇರಬೇಕು. ತಿರುವು ಬಹಳ ದೂರವಿದ್ದರೆ ಗೇಟ್ ನಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ. ಫಾಲ್ಸ್ ರೇಲ್ ಎಂದರೆ ಒಳಬದಿಯ ಹುಲ್ಲು ಉಳಿಸಲು ಹಾಕುವ ತಾತ್ಕಾಲಿಕ ಬೇಲಿ. ಅದನ್ನು ಹಾಕಿದ ದಿನ ಓಡುವ ಹಾದಿ ಕಿರಿದಾಗುತ್ತದೆ, ಹಿಂದಿನಿಂದ ನುಗ್ಗುವ ಕುದುರೆಗೆ ದಾರಿ ಸಿಗುವುದು ಕಷ್ಟ. ರೇಲ್ ತೆಗೆದ ಮೊದಲ ದಿನ ಅದರಡಿಯ ಹುಲ್ಲು ತುಳಿತವಿಲ್ಲದೆ ತಾಜಾ ಇರುತ್ತದೆ, ಆಗ ಒಳಗೆ ಓಡುವವರಿಗೆ ಲಾಭ.

ಫೇವರಿಟ್ ರೇಟು 6/4. ಅಂದರೆ ಗೆಲ್ಲುವ ಅವಕಾಶ ನೂರಕ್ಕೆ 40 ತಾನೇ? (ಓದುಗರು, ಹಾಸನ)

ಅಲ್ಲ, ಅಷ್ಟಿಲ್ಲ. 6/4 ಎಂದರೆ 4 ರೂಪಾಯಿ ಕಟ್ಟಿ ಗೆದ್ದರೆ 6 ರೂಪಾಯಿ ಲಾಭ; ಹತ್ತರಲ್ಲಿ ನಾಲ್ಕು, ನಿಮ್ಮ 40 ಬಂದದ್ದು ಹೀಗೆ. ಏಳು ಕುದುರೆಗಳ ರೇಟು 6/4, 3/1, 4/1, 6/1, 8/1, 10/1, 20/1 ಇದೆ ಎನ್ನಿ. ಶೇಕಡಾ ಲೆಕ್ಕಕ್ಕೆ ತಿರುಗಿಸಿದರೆ 40, 25, 20, 14.3, 11.1, 9.1, 4.8. ಕೂಡಿದರೆ 124.3. ನೂರರ ಮೇಲಿನ 24.3 ಬುಕ್ಕಿ ತನ್ನ ಕಡೆಗೆ ಇಟ್ಟುಕೊಂಡ ಅಂತರ. ಅದನ್ನು ತೆಗೆದರೆ ಫೇವರಿಟ್‌ಗೆ ಉಳಿಯುವುದು 32. ಮೂರು ಸಲ ಓಡಿದರೆ ಎರಡು ಸಲ ಸೋಲುವ ಕುದುರೆ ಅದು. ನಿಮ್ಮ ಪೆನ್ಸಿಲ್ ಅಂಕಿ 40ಕ್ಕಿಂತ ಮೇಲಿಲ್ಲದಿದ್ದರೆ ಆ ರೇಟಿನಲ್ಲಿ ನಿಮಗೆ ಲಾಭವಿಲ್ಲ.

ಪ್ಯಾಡಕ್‌ನಲ್ಲಿ (ರೇಸಿಗೆ ಮೊದಲು ಕುದುರೆಗಳನ್ನು ಸುತ್ತಾಡಿಸುವ ಅಂಗಳ) ಬೆವರುತ್ತಿರುವ ಕುದುರೆಯನ್ನು ಬಿಟ್ಟುಬಿಡಬೇಕೇ? (ಓದುಗರು, ಬೆಂಗಳೂರು)

ಮೇ ತಿಂಗಳ ಬಿಸಿಲಿನಲ್ಲಿ ಕತ್ತಿನ ಮೇಲಿನ ಬೆವರಿಗೆ ಅರ್ಥವಿಲ್ಲ, ಎಲ್ಲವೂ ಬೆವರುತ್ತವೆ. ಹಿಂಗಾಲುಗಳ ನಡುವೆ ಬಿಳಿ ನೊರೆ, ಸೈಸ್ (ಕುದುರೆ ನೋಡಿಕೊಳ್ಳುವವ) ಕೈಯಿಂದ ಲಗಾಮು ಎಳೆದಾಡುವುದು, ತಲೆ ಎತ್ತಿ ಒದರುವುದು, ಈ ಮೂರೂ ಒಟ್ಟಿಗೆ ಕಂಡರೆ ಅದು ಓಟಕ್ಕೆ ಮೊದಲೇ ಶಕ್ತಿ ಕಳೆದುಕೊಳ್ಳುತ್ತಿದೆ. ಪೆನ್ಸಿಲ್ ತೆಗೆದು ಅದರ ಅಂಕಿ ಇಳಿಸಿ, ಇಳಿಸಿದ್ದನ್ನು ಉಳಿದ ಕುದುರೆಗಳಿಗೆ ಹಂಚಿ. ಅದೇ ಕುದುರೆ ಹಿಂದೆ ಹೀಗೇ ಬೆವರಿ ಗೆದ್ದಿದ್ದರೆ ಮಾತ್ರ ಬದಲಾಯಿಸಬೇಡಿ.